ಸ್ಪ್ರಿಂಗ್‌ಬಾಕ್‌ಗೂ ಮೂಸ್‌ಗೂ ಒಂದೇ ಕೋವಿ ಸಾಕಾ?

ಕಳೆದ ಆಟಿಯಲ್ಲಿ, ಮಳೆ ಧೋ ಎಂದು ಸುರಿಯುತ್ತಿದ್ದ ಒಂದು ರಾತ್ರಿ, ಭಾವನ ಫೋನ್ ಬಂತು. ಅಕ್ಕ, ಭಾವ ಇರುವುದು ಕೆನಡಾದ ಆಲ್ಬರ್ಟಾದಲ್ಲಿ. ಭಾವ ಹುಟ್ಟಿ ಬೆಳೆದದ್ದು ಕಾರ್ಕಳದ ಹತ್ತಿರ. ಕೆನಡಾಕ್ಕೆ ಹೋದ ಮೇಲೆ ಕೋವಿ ಸುರಕ್ಷತೆಯ ಕೋರ್ಸ್ ಮಾಡಿ, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಇಷ್ಟು ದಿನ ಗೆಳೆಯರ ರೈಫಲ್ ಎರವಲು ತಂದು ಜಿಂಕೆ ಬೇಟೆಗೆ ಹೋಗುತ್ತಿದ್ದರು. ಈಗ ಸ್ವಂತದ್ದು ಬೇಕಂತೆ.

"ಬರುವ ವರ್ಷ ನಮೀಬಿಯಾಕ್ಕೆ ಹೋಗುವುದು ಅಂತ ಉಂಟು. ಅಲ್ಲಿ ಸ್ಪ್ರಿಂಗ್‌ಬಾಕ್, ಕುಡು. ಇಲ್ಲಿ ಮೂಸ್. ಎರಡು ಕೋವಿ ತೆಗೆದುಕೊಂಡರೆ ನಿನ್ನ ಅಕ್ಕ ಮನೆಗೆ ಸೇರಿಸುವುದಿಲ್ಲ. ಒಂದೇ ಹೇಳು ಮಾರಾಯ" ಅಂದರು. ಸ್ಪ್ರಿಂಗ್‌ಬಾಕ್, ಕುಡು ಅಂದರೆ ಆಫ್ರಿಕಾದ ಹುಲ್ಲೆಗಳು. ಮೂಸ್ ಅಂದರೆ ಚಳಿ ದೇಶಗಳ ದೈತ್ಯ ಜಿಂಕೆ.

ನಾನು ಬೇಟೆಗಾರ ಅಲ್ಲ. ಅಜ್ಜನ ಜೋಡಿ ನಳಿಗೆಯ ತೋಟೆಕೋವಿಗೆ ಎಣ್ಣೆ ಹಾಕಿ ಬೆಳೆದವನು. ಎನ್‌ಸಿಸಿಯಲ್ಲಿ .22 ರೈಫಲ್‌ನಿಂದ ಕಾಗದದ ಮೇಲೆ ತೂತು ಮಾಡಿದವನು. ಆಮೇಲೆ ಈ ವಿಷಯ ಓದುವ ಹುಚ್ಚು ಹಿಡಿಯಿತು, ಅಷ್ಟೆ. ಭಾವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ತೋಟಕ್ಕೆ ಹಂದಿ ಬಂತು, ಮಂಗ ಬಂತು ಅಂತ ಮನಸ್ಸಿಗೆ ಬಂದ ಹಾಗೆ ಈಡು ಹೊಡೆಯುವಂತಿಲ್ಲ. ನಾನು ಬರೆಯುತ್ತಿರುವುದು ಕೋಟಾ, ಪರ್ಮಿಟ್, ಋತು ಎಲ್ಲ ಲೆಕ್ಕ ಹಾಕಿ ಬೇಟೆ ನಡೆಸುವ ದೇಶಗಳ ವಿಚಾರ.

ತೋಟೆಕೋವಿ ಬೇರೆ, ರೈಫಲ್ ಬೇರೆ

ಉಡುಪಿ, ಮಂಗಳೂರು ಕಡೆಯ ಹಳೇ ಮನೆಗಳಲ್ಲಿ ಕೋವಿ ಅಂದರೆ ಹೆಚ್ಚಾಗಿ 12 ಬೋರಿನದ್ದು. ಚುನಾವಣೆ ಬಂತೆಂದರೆ ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರುತ್ತೇವಲ್ಲ, ಅದೇ. 12 ಬೋರ್ ಅಂದರೆ ಎಂತ ಅಂತ ಅಜ್ಜನಿಗೂ ಗೊತ್ತಿರಲಿಲ್ಲ. ಒಂದು ಪೌಂಡ್, ಅಂದರೆ 454 ಗ್ರಾಂ ಸೀಸದಿಂದ ಒಂದೇ ಅಳತೆಯ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪ ಇರುತ್ತದೋ, ಆ ನಳಿಗೆಯ ತೂತು ಅಷ್ಟು ದಪ್ಪ. ಒಳಗೆ ನುಣುಪು. ಚಿಲ್ಲು, ಅಂದರೆ ಒಳಗಿನ ಸಣ್ಣ ಸಣ್ಣ ಗುಂಡುಗಳು, ಚದುರಿಕೊಂಡು ಹೋಗುತ್ತವೆ. ಮೂವತ್ತು, ನಲವತ್ತು ಮೀಟರ್ ದಾಟಿದರೆ ಅದರ ಮೇಲೆ ಭರವಸೆ ಇಡುವುದು ಕಷ್ಟ.

ರೈಫಲ್‌ನ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಗೆ ಬರುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ನಿಂತರೆ ಬೀಳುತ್ತದೆ ಅಲ್ವಾ? ಇದೂ ಹಾಗೇ. ತಿರುಗುವ ಗುಂಡು ಮೂತಿ ಮುಂದೆ ಮಾಡಿಕೊಂಡೇ ಹೋಗುತ್ತದೆ. ಹಾಗಾಗಿ 200 ಮೀಟರ್ ದೂರದಲ್ಲೂ ಅಂಗೈಯಷ್ಟು ಜಾಗಕ್ಕೆ ಹೊಡೆಯಬಹುದು.

ಹೆಸರುಗಳ ಗೋಜಲು

ಅಂಗಡಿಗೆ ಹೋದವರ ತಲೆ ಕೆಡಿಸುವುದು ತೋಟೆಯ ಹೆಸರು. ತೋಟೆ ಅಂದರೆ ಹಿತ್ತಾಳೆ ಕೋಶ, ಒಳಗಿನ ಮದ್ದು, ಮೂತಿಯ ಗುಂಡು ಎಲ್ಲ ಸೇರಿದ್ದು. .30-06, .308, 7×57, .375 ಎಚ್ ಅಂಡ್ ಎಚ್. ಇದರಲ್ಲಿ ಒಂದೇ ನಿಯಮ ಅಂತ ಇಲ್ಲ. ಅವರವರು ಅವರವರ ಇಷ್ಟಕ್ಕೆ ಹೆಸರಿಟ್ಟಿದ್ದಾರೆ.

ಥರ್ಟಿ ಆಟ್ ಸಿಕ್ಸ್ ಅನ್ನುವ .30-06 ತೆಗೆದುಕೊಳ್ಳಿ. .30 ಅಂದರೆ ನಳಿಗೆಯ ತೂತು 0.30 ಇಂಚು. 06 ಅಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ, 1906. ಎರಡನೆಯದ್ದಕ್ಕೂ ಅಳತೆಗೂ ಸಂಬಂಧವೇ ಇಲ್ಲ. .308 ವಿಂಚೆಸ್ಟರ್ 1952ರಲ್ಲಿ ಬಂತು. ಎರಡಕ್ಕೂ ಹಾಕುವುದು 0.308 ಇಂಚು ದಪ್ಪದ ಗುಂಡನ್ನೇ. ಆದರೆ ತೋಟೆಯ ಹಿತ್ತಾಳೆ ಕೋಶ .30-06ರದ್ದು 63 ಮಿ.ಮೀ. ಉದ್ದ, .308ರದ್ದು 51 ಮಿ.ಮೀ. ಒಂದರ ತೋಟೆ ಇನ್ನೊಂದಕ್ಕೆ ಹಾಕಬಾರದು. ಯುರೋಪಿನವರ ಲೆಕ್ಕ ಸ್ವಲ್ಪ ನೇರ. 7×57 ಅಂದರೆ 7 ಮಿ.ಮೀ. ತೂತು, 57 ಮಿ.ಮೀ. ಕೋಶ.

ಈ 7×57ಕ್ಕೇ ಇಂಗ್ಲೆಂಡಿನಲ್ಲಿ .275 ರಿಗ್ಬಿ ಅಂತ ಹೆಸರು. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ ರೈಫಲ್ ಅದೇ. ಆಫ್ರಿಕಾದಲ್ಲಿ ಕರಮೋಜೋ ಬೆಲ್ ಅನ್ನುವವನು ಇದೇ ಸಣ್ಣ ತೋಟೆಯಿಂದ ನೂರಾರು ಆನೆ ಹೊಡೆದ. ಭಾವ ಇದನ್ನು ಎಲ್ಲೋ ಕೇಳಿದ್ದರು, "ಹಾಗಾದರೆ ಸಣ್ಣದೇ ಸಾಕಲ್ಲ?" ಅಂದರು. ಬೆಲ್ ಆನೆಯ ತಲೆಯೊಳಗೆ ಮಿದುಳು ಎಲ್ಲಿದೆ ಅಂತ ಕೊಯ್ದು ನೋಡಿ ಕಲಿತವನು. ನಾವು ಶನಿವಾರ ಮಾತ್ರ ರೇಂಜಿಗೆ ಹೋಗುವವರು. ಅವನ ದಾರಿ ನಮಗೆ ಬೇಡ.

ಮೊದಲು ಪ್ರಾಣಿ, ಆಮೇಲೆ ಕೋವಿ

ಬೂತಾಯಿ ಬಲೆಯಲ್ಲಿ ಅಂಜಲ್ ಹಿಡಿಯಲು ಹೋಗುವವರಿಲ್ಲ. ಯಾವ ಮೀನು ಅಂತ ಗೊತ್ತಾದ ಮೇಲೆ ಬಲೆಯ ಕಣ್ಣಿನ ಲೆಕ್ಕ. ಇಲ್ಲೂ ಪಟ್ಟಿ ಮೊದಲು ಮಾಡಬೇಕು. ಭಾವನ ಪಟ್ಟಿಯಲ್ಲಿ ಸ್ಪ್ರಿಂಗ್‌ಬಾಕ್ ಇದೆ, ಅದು ಹೆಚ್ಚೆಂದರೆ 40 ಕೆಜಿ ಆಸುಪಾಸು. ಕುಡು ಗಂಡು ತೂಕದಲ್ಲಿ ನಮ್ಮ ಕಡವೆಯ ಹಾಗೆ, 250 ಕೆಜಿ ಹತ್ತಿರ. ಮೂಸ್ 500 ಕೆಜಿ ದಾಟುತ್ತದೆ. ಫೋನಿನ ಕೊನೆಗೆ ಮೆಲ್ಲಗೆ, "ಕಾಡುಕೋಣ ಸಿಕ್ಕಿದರೆ..." ಅಂದರು. ಅವರು ಹೇಳಿದ್ದು ಆಫ್ರಿಕಾದ ಬಫೆಲೋ. ನಮ್ಮ ಪಶ್ಚಿಮ ಘಟ್ಟದ ಕಾಟಿಯ ದೂರದ ನೆಂಟ, ಸಿಟ್ಟಿನಲ್ಲಿ ಅದಕ್ಕಿಂತ ಜಾಸ್ತಿ.

ನಮೀಬಿಯಾದವರು ಇದಕ್ಕೆ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಯಾವ ಪ್ರಾಣಿಗೆ ಗುಂಡಿನ ಶಕ್ತಿ ಕನಿಷ್ಠ ಎಷ್ಟಿರಬೇಕು ಅಂತ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಸ್ಪ್ರಿಂಗ್‌ಬಾಕ್ ಥರದ ಸಣ್ಣದಕ್ಕೆ 1350 ಜೂಲ್. ಕುಡು, ಓರಿಕ್ಸ್, ಈಲ್ಯಾಂಡ್ ಅನ್ನುವ ದೊಡ್ಡ ಹುಲ್ಲೆಗಳಿಗೆ 2700. ಬಫೆಲೋ, ಆನೆಗೆ 5400. ನಳಿಗೆಯಿಂದ ಹೊರಬೀಳುವಾಗ ಗುಂಡಿನಲ್ಲಿ ಇರಬೇಕಾದ ಶಕ್ತಿ ಇದು.

ಜೂಲ್ ಅಂದರೆ ಎಂತ? ಒಂದು ಅಂದಾಜು ಕೊಡುತ್ತೇನೆ. ಥರ್ಟಿ ಆಟ್ ಸಿಕ್ಸ್‌ನ ಮಾಮೂಲಿ ಗುಂಡು 180 ಗ್ರೇನ್, ಅಂದರೆ 11.7 ಗ್ರಾಂ. ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಗೆ ಬೀಳುತ್ತದೆ. ಲೆಕ್ಕ ಹಾಕಿದರೆ 3900 ಜೂಲ್ ಚಿಲ್ಲರೆ. 50 ಕೆಜಿಯ ಕುಚ್ಚಲಕ್ಕಿ ಮೂಟೆಯನ್ನು ನೆಲದಿಂದ 8 ಮೀಟರ್ ಎತ್ತರಕ್ಕೆ, ಅಂದರೆ ಎರಡು ಮಾಳಿಗೆ ಮನೆಯ ತಾರಸಿಯ ಮೇಲೆ, ಎತ್ತಿಡುವಷ್ಟು ಕೆಲಸ. ಎನ್‌ಸಿಸಿಯ ಆ .22 ಗುಂಡಿನಲ್ಲಿ ಇದ್ದದ್ದು ಬರೀ 140 ಜೂಲ್ ಹತ್ತಿರ.

ಈಗ ಪಟ್ಟಿಗೆ ಹೊಂದಿಸಿ ನೋಡಿ. .243 ವಿಂಚೆಸ್ಟರ್ ಜಿಂಕೆಗೆ ಚಂದದ ತೋಟೆ. ಆದರೆ 100 ಗ್ರೇನ್ ಗುಂಡಿಗೆ 2600 ಜೂಲ್ ಚಿಲ್ಲರೆ, ಕುಡುವಿನ ಗೆರೆಯ ಹತ್ತಿರ ಬಂದು ಮುಗ್ಗರಿಸುತ್ತದೆ. .308 ಆರಾಮವಾಗಿ ದಾಟುತ್ತದೆ. ಥರ್ಟಿ ಆಟ್ ಸಿಕ್ಸ್ ಇನ್ನೂ ಸ್ವಲ್ಪ ಮೇಲೆ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್ 4700ರ ಹತ್ತಿರ ಹೋಗುತ್ತದೆ, ಆದರೂ ಬಫೆಲೋ ಗೆರೆ ಮುಟ್ಟುವುದಿಲ್ಲ. ಆ ಗೆರೆ ದಾಟುವುದು 1912ರ ಹಳೇ ಯಜಮಾನ, .375 ಎಚ್ ಅಂಡ್ ಎಚ್. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯದ್ದು. 300 ಗ್ರೇನ್ ಗುಂಡು, 5700 ಜೂಲ್ ಆಸುಪಾಸು.

ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಈಲ್ಯಾಂಡ್. ಗಂಡು ಈಲ್ಯಾಂಡ್ ಬಫೆಲೋದಷ್ಟೇ ತೂಗುತ್ತದೆ, ಕೆಲವು ಅದಕ್ಕಿಂತ ಜಾಸ್ತಿ. ಆದರೂ ಅದಕ್ಕೆ 2700 ಸಾಕು. ಈಲ್ಯಾಂಡ್ ಗಾಯವಾದರೆ ಓಡುತ್ತದೆ. ಬಫೆಲೋ ಗಾಯವಾದರೆ ತಿರುಗಿ ನಿಲ್ಲುತ್ತದೆ. ಕಾನೂನು ತೂಕದ ಜೊತೆ ಸ್ವಭಾವವನ್ನೂ ನೋಡಿದೆ.

ಹಾಗಾದರೆ ಎಲ್ಲದಕ್ಕೂ .375 ತೆಗೆದುಕೊಂಡರಾಯಿತಲ್ಲ? ಭಾವನೂ ಇದನ್ನೇ ಕೇಳಿದರು. ಇಲ್ಲಿ ನನ್ನ ಹಣೆಯ ಕತೆ ಹೇಳಬೇಕು.

ಕೋವಿ ಹಿಂದಕ್ಕೂ ಒದೆಯುತ್ತದೆ

ಎರಡು ವರ್ಷದ ಹಿಂದೆ ಅಕ್ಕನ ಮನೆಗೆ ಹೋಗಿದ್ದಾಗ ಭಾವ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಅವರ ಗೆಳೆಯರೊಬ್ಬರು ಪಕ್ಕದಲ್ಲೇ ನಿಂತು ತಮ್ಮ .300 ಮ್ಯಾಗ್ನಮ್ ರೈಫಲ್ ಕೊಟ್ಟರು. ನಾನು ಶೂರನ ಹಾಗೆ ಮಲಗಿ, ಕೋವಿಯ ಮೇಲಿನ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ಕಣ್ಣು ತೀರಾ ಹತ್ತಿರ ಇಟ್ಟು ಹೊಡೆದೆ. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ. ತಪ್ಪು ನನ್ನದೇ. ಸ್ಕೋಪಿಗೂ ಕಣ್ಣಿಗೂ ನಡುವೆ 9 ಸೆಂ.ಮೀ. ಆದರೂ ಅಂತರ ಬೇಕಿತ್ತು.

ಗಾಯ ದೊಡ್ಡ ವಿಷಯ ಅಲ್ಲ. ಆಮೇಲೆ ನಡೆದದ್ದು ವಿಷಯ. ಒಂದೆರಡು ಈಡು ಆದ ಮೇಲೆ ಆ ಗೆಳೆಯರು ನನಗೆ ಹೇಳದೆ ತೋಟೆ ಇಲ್ಲದ ಕೋವಿ ಕೈಗಿಟ್ಟರು. ನಾನು ಟ್ರಿಗರ್ ಎಳೆದೆ. ಟಿಕ್ ಅಂತ ಶಬ್ದ. ಆದರೆ ನಳಿಗೆಯ ಮೂತಿ ಗೇಣುದ್ದ ಕೆಳಕ್ಕೆ ಹೋಗಿತ್ತು, ನನ್ನ ಕಣ್ಣು ಮುಚ್ಚಿತ್ತು. ಒದೆತ ಬರುವ ಮೊದಲೇ ದೇಹ ಹೆದರಿ ಮುದುಡಿತ್ತು. ಸುತ್ತ ಇದ್ದವರಿಗೆಲ್ಲ ನಗು. ನನಗೆ ಅವತ್ತು ಅರ್ಥವಾದದ್ದು ಇಷ್ಟು. ಕಾಗದದಲ್ಲಿ 4700 ಜೂಲ್ ಇದ್ದರೂ ನನ್ನ ಕೈಯಲ್ಲಿ ಅದು ಎದೆ ತಪ್ಪಿ ಪ್ರಾಣಿಯ ಹೊಟ್ಟೆಗೆ ಬೀಳುವ ಗುಂಡು.

.375ರ ಒದೆತ ಥರ್ಟಿ ಆಟ್ ಸಿಕ್ಸ್‌ನ ಹೆಚ್ಚುಕಡಿಮೆ ಎರಡರಷ್ಟು. ರೂಢಿ ಮಾಡಿಕೊಂಡವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ರೂಢಿಗೆ ನೂರಾರು ತೋಟೆ ಖರ್ಚಾಗಬೇಕು. ಅದರ ತೋಟೆಯ ಬೆಲೆಯೂ ಜಾಸ್ತಿ. ಕೊನೆಗೆ ಆಗುವುದು ಎಂತ ಅಂದರೆ, ದೊಡ್ಡ ಕೋವಿ ತೆಗೆದುಕೊಂಡವರು ಕಡಿಮೆ ಅಭ್ಯಾಸ ಮಾಡುತ್ತಾರೆ.

ಹಾಗಾಗಿ ನಾನು ಭಾವನಿಗೆ ಹೇಳಿದ್ದು ಥರ್ಟಿ ಆಟ್ ಸಿಕ್ಸ್. ಬಫೆಲೋ ನಿಜವಾಗಿಯೂ ಪಟ್ಟಿಗೆ ಬಂದ ದಿನ ನಮೀಬಿಯಾದಲ್ಲಿ ಬೇಟೆ ನಡೆಸುವ ಫಾರ್ಮಿನವರಿಂದಲೇ .375 ಬಾಡಿಗೆಗೆ ತೆಗೆದುಕೊಳ್ಳಬಹುದು. ಅಲ್ಲಿ ಬಾಡಿಗೆ ಕೋವಿ ಕೊಡುವುದು ಮಾಮೂಲಿ. .308 ಆದರೂ ನನಗೆ ಬೇಸರ ಇಲ್ಲ, ಸ್ವಲ್ಪ ಕಡಿಮೆ ಒದೆಯುತ್ತದೆ. ಆದರೆ ಮೂಸ್‌ನಂಥದ್ದಕ್ಕೆ 180, 200 ಗ್ರೇನಿನ ಭಾರದ ಗುಂಡು ಹಾಕುವಾಗ ಉದ್ದ ಕೋಶದಲ್ಲಿ ಮದ್ದಿಗೆ ಜಾಗ ಜಾಸ್ತಿ. ಇನ್ನೊಂದು ಕಾರಣ ಅಂಗಡಿಯದ್ದು. ವಿಮಾನದಲ್ಲಿ ಪೆಟ್ಟಿಗೆ ಕಳೆದುಹೋದರೆ ಥರ್ಟಿ ಆಟ್ ಸಿಕ್ಸ್ ತೋಟೆ ಆಫ್ರಿಕಾದಲ್ಲೂ ಸಿಗುತ್ತದೆ, ಕೆನಡಾದ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಮೊನ್ನೆ ಮೊನ್ನೆ ಬಂದ ಹೊಸ ಹೆಸರಿನ ತೋಟೆಗೆ ಆ ಧೈರ್ಯ ಇಲ್ಲ.

ಕೆಲಸ ಮಾಡುವುದು ಗುಂಡು

ಜನ ಕೋವಿ ಆರಿಸಲು ಆರು ತಿಂಗಳು ಕೂರುತ್ತಾರೆ, ಗುಂಡು ಆರಿಸಲು ಆರು ನಿಮಿಷವೂ ಕೊಡುವುದಿಲ್ಲ. ನನ್ನ ಪ್ರಕಾರ ಇದು ತಲೆಕೆಳಗು. ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ. ಕೋವಿ 200 ಮೀಟರ್ ಹಿಂದೆಯೇ ಉಳಿದಿರುತ್ತದೆ.

ಬೇಟೆಯ ಗುಂಡಿಗೆ ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ, ಮೂತಿಯಲ್ಲಿ ಸ್ವಲ್ಪ ಸೀಸ ಬರಿದಾಗಿ ಬಿಟ್ಟಿರುತ್ತಾರೆ. ಮೈಗೆ ತಾಗಿದ ಕೂಡಲೇ ಮೂತಿ ಅಣಬೆಯ ಹಾಗೆ ಅರಳಬೇಕು, ಹಾಗೆಯೇ ಒಳಕ್ಕೂ ನುಗ್ಗಬೇಕು. ಈ ಎರಡು ಕೆಲಸಕ್ಕೂ ಜಗಳ. ಜಾಸ್ತಿ ಅರಳಿದರೆ ಒಡೆದು ಚೂರಾಗಿ ಮೇಲೆಯೇ ನಿಲ್ಲುತ್ತದೆ. ಅರಳದಿದ್ದರೆ ಸೂಜಿಯ ಹಾಗೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ಮೈಲುಗಟ್ಟಲೆ ಓಡಿ ನರಳಿ ಸಾಯುತ್ತದೆ.

1946ರಲ್ಲಿ ಜಾನ್ ನಾಸ್ಲರ್ ಅನ್ನುವ ಅಮೆರಿಕನ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದ. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್. ಇವನ ಗುಂಡುಗಳು ಮೇಲೆಯೇ ಒಡೆದುಹೋದವು, ಒಳಗೆ ಹೋಗಲೇ ಇಲ್ಲ. ಮನೆಗೆ ಬಂದವನು ಗುಂಡಿನ ಮಧ್ಯಕ್ಕೆ ತಾಮ್ರದ್ದೇ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಹಿಂದಿನ ಕೋಣೆ ಗಟ್ಟಿಯಾಗಿ ಉಳಿದು ನುಗ್ಗುತ್ತದೆ. 1948ರಿಂದ ಪಾರ್ಟಿಷನ್ ಅಂತಲೇ ಮಾರಾಟವಾಯಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯ ನೆನಪಾಗುತ್ತದೆ. ಇವತ್ತಿಗೂ ಆ ಗುಂಡು ಇದೆ.

ಈಗ ಪೂರ್ತಿ ತಾಮ್ರದ ಗುಂಡುಗಳೂ ಬಂದಿವೆ. ಒಡೆಯುವುದು ಕಡಿಮೆ, ಮಾಂಸದಲ್ಲಿ ಸೀಸದ ಚೂರು ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸವೇ ಇಲ್ಲ. ಬೇಟೆಯ ಅಳಿದುಳಿದದ್ದನ್ನು ತಿಂದು ಕಾಂಡರ್ ಅನ್ನುವ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತಿದ್ದವು, ಅದಕ್ಕೆ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದರಲ್ಲಿ 165 ಗ್ರೇನ್ ಸಾಕು ಅಂದೆ. ಗಟ್ಟಿ ಗುಂಡಿನಿಂದ ಸ್ಪ್ರಿಂಗ್‌ಬಾಕ್‌ನಂಥ ಸಣ್ಣದರ ಮಾಂಸವೂ ಚಿಂದಿಯಾಗುವುದಿಲ್ಲ. ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಗುಂಡು ಇಟ್ಟುಕೊಂಡರೆ ಗುರಿಯನ್ನು ಮತ್ತೆ ಮತ್ತೆ ಸರಿ ಮಾಡುವ ಕೆಲಸ ಇಲ್ಲ.

ಮರ, ಕಬ್ಬಿಣ, ಗಾಜು

ಯಂತ್ರದ ವಿಚಾರ ಬೇಗ ಮುಗಿಸುತ್ತೇನೆ. ಬೋಲ್ಟ್ ಆ್ಯಕ್ಷನ್ ತೆಗೆದುಕೊಳ್ಳಿ. ಹಳೇ ಬಾಗಿಲಿನ ಚಿಲಕದ ಹಾಗೆ ಎತ್ತಿ, ಹಿಂದಕ್ಕೆ ಎಳೆದು, ಮುಂದೆ ದೂಡಿ, ಇಳಿಸುವುದು. ಜರ್ಮನಿಯ ಪೌಲ್ ಮೌಸರ್ 1898ರಲ್ಲಿ ಮಾಡಿದ ಮಾದರಿಯೇ ಇವತ್ತಿನ ಹೆಚ್ಚಿನವಕ್ಕೆ ಅಜ್ಜ. ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಕೋವಿಯನ್ನು ನಮೀಬಿಯಾದಲ್ಲಿ ಬೇಟೆಗೆ ಬಿಡುವುದೇ ಇಲ್ಲ.

ತೂಕ ಸ್ಕೋಪು ಸೇರಿ ನಾಲ್ಕು ಕೆಜಿ ಒಳಗೆ ಇರಲಿ. ತೀರಾ ಹಗುರ ಬೇಡ, ಹಗುರವಾದಷ್ಟೂ ಒದೆತ ಜಾಸ್ತಿ. ಹಿಡಿ ವಾಲ್ನಟ್ ಮರದ್ದು ನೋಡಲು ಚಂದ. ಆದರೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ, ಮರ ನೀರು ಕುಡಿದು ಉಬ್ಬುತ್ತದೆ. ಅಜ್ಜನ ಕೋವಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಉಜ್ಜದಿದ್ದರೆ ನಳಿಗೆಯ ಮೇಲೆ ಕೆಂಪು ತುಕ್ಕಿನ ಚುಕ್ಕೆ ಗ್ಯಾರಂಟಿ. ಮಲ್ಪೆಯ ಉಪ್ಪು ಗಾಳಿಯಲ್ಲಿ ಬೈಕಿನ ಚೈನೇ ಉಳಿಯುವುದಿಲ್ಲ. ಆಲ್ಬರ್ಟಾದ ಹಿಮಕ್ಕೂ ನಮೀಬಿಯಾದ ಧೂಳಿಗೂ ಹೋಗುವ ಕೋವಿಗೆ ಸ್ಟೇನ್‌ಲೆಸ್ ನಳಿಗೆ, ಸಿಂಥೆಟಿಕ್ ಹಿಡಿ. ಚಂದ ಬೇಕಾದರೆ ಗೋಡೆಗೆ ಯಕ್ಷಗಾನದ ಮುಖವಾಡ ತೂಗುಹಾಕಲಿ.

ಸ್ಕೋಪಿಗೆ ದುಡ್ಡು ಉಳಿಸಬಾರದು. ಆದರೆ ದೊಡ್ಡದು ಬೇಕು ಅಂತಲೂ ಇಲ್ಲ. 3ರಿಂದ 9 ಪಟ್ಟು ಹಿಗ್ಗಿಸುವ ಮಾಮೂಲಿ ಸ್ಕೋಪು ಸಾಕು. ಪೊದೆಯಲ್ಲಿ 3ಕ್ಕೆ ಇಟ್ಟುಕೊಂಡು ನಡೆಯಬೇಕು. 9ಕ್ಕೆ ಇಟ್ಟು ನಡೆದರೆ, ಪ್ರಾಣಿ ಹತ್ತಿರದಲ್ಲಿ ಎದ್ದಾಗ ಸ್ಕೋಪಿನಲ್ಲಿ ಬರೀ ರೋಮ ಕಾಣುತ್ತದೆ.

200 ಮೀಟರಿಗೆ ಗುರಿ ಕೂರಿಸಿದರೆ ಥರ್ಟಿ ಆಟ್ ಸಿಕ್ಸ್‌ನ ಗುಂಡು 100 ಮೀಟರಿನಲ್ಲಿ ಸುಮಾರು 6 ಸೆಂ.ಮೀ. ಮೇಲೆ ಬೀಳುತ್ತದೆ. 300 ಮೀಟರಿನಲ್ಲಿ ಹೆಚ್ಚುಕಡಿಮೆ ಕಾಲು ಮೀಟರ್ ಕೆಳಗೆ. ಹಾಗಾಗಿ 200ರವರೆಗೆ ತಲೆ ಕೆಡಿಸಿಕೊಳ್ಳದೆ ಹೊಡೆಯಬಹುದು, ಅದರಾಚೆ ಲೆಕ್ಕ ಬೇಕು. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ಸಮುದ್ರ ಮಟ್ಟದಿಂದ 1600 ಮೀಟರಿಗಿಂತ ಮೇಲೆ ಇದೆ, ಗಾಳಿ ತೆಳು. ಪ್ರಯಾಣದಲ್ಲಿ ಸ್ಕೋಪು ಅಲುಗಿರಲೂಬಹುದು. ಇಳಿದ ದಿನವೇ ಕಾಗದಕ್ಕೆ ಮೂರು ಈಡು ಹೊಡೆದು ನೋಡಿ ಅಂತ ಹೇಳಿದ್ದೇನೆ.

ಇನ್ನೊಂದು. ಅಲ್ಲಿ ಮೇಜಿನ ಮೇಲೆ ಮರಳಿನ ಚೀಲ ಇಟ್ಟುಕೊಂಡು ಯಾರೂ ಹೊಡೆಯುವುದಿಲ್ಲ. ಮೂರು ಕಾಲಿನ ಕೋಲು ನೆಡುತ್ತಾರೆ, ಅದರ ಮೇಲೆ ಕೋವಿ ಇಟ್ಟು ನಿಂತುಕೊಂಡು ಹೊಡೆಯಬೇಕು. ಪಕ್ಕದಲ್ಲಿ ಲೈಸೆನ್ಸ್ ಇರುವ ಅಲ್ಲಿಯ ಬೇಟೆ ಮಾರ್ಗದರ್ಶಕ ಇರಲೇಬೇಕು, ಅದೂ ಕಾನೂನು. ಅವರು ಹೇಳುವ ಜಾಗ ಯಾವಾಗಲೂ ಒಂದೇ: ಪ್ರಾಣಿ ಅಡ್ಡ ನಿಂತಾಗ ಮುಂಗಾಲಿನ ಗೆರೆ ಹಿಡಿದು ಮೇಲೆ ಹೋಗಿ, ಎದೆಯ ಎತ್ತರದ ಕೆಳಗಿನಿಂದ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ಹೃದಯ ನಾವು ಅಂದುಕೊಂಡದ್ದಕ್ಕಿಂತ ಕೆಳಗೆ ಇರುತ್ತದೆ. ಹೊಡೆದು ಗಾಯವಾಗಿ ಪ್ರಾಣಿ ಸಿಗದೆ ಹೋದರೂ ಸಾಮಾನ್ಯವಾಗಿ ಪೂರ್ತಿ ದುಡ್ಡು ಕಟ್ಟಬೇಕು. ಒಂದು ಹನಿ ರಕ್ತ ಕಂಡರೂ ಲೆಕ್ಕಕ್ಕೆ ಬಂತು.

ಕಾಗದಪತ್ರ

ವಿಮಾನದಲ್ಲಿ ಕೋವಿ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಖಾಲಿಯಾಗಿ, ಚೆಕ್ ಇನ್ ಲಗೇಜಿನಲ್ಲಿ ಹೋಗಬೇಕು. ತೋಟೆ ಒಬ್ಬರಿಗೆ 5 ಕೆಜಿ ಮಾತ್ರ. ನಮೀಬಿಯಾದಲ್ಲಿ ಇಳಿದ ಕೂಡಲೇ ತಾತ್ಕಾಲಿಕ ಪರ್ಮಿಟ್ ಮಾಡಿಸಬೇಕು. ತಂದ ತೋಟೆ ತಂದ ಕೋವಿಯದ್ದೇ ಆಗಿರಬೇಕು. ಮಧ್ಯದಲ್ಲಿ ವಿಮಾನ ಬದಲಿಸುವ ದೇಶದ ಅನುಮತಿಯೂ ಬೇಕಾಗಬಹುದು, ಟಿಕೆಟ್ ಮಾಡುವ ಮೊದಲೇ ವಿಚಾರಿಸಬೇಕು.

ಇಷ್ಟು ಹೇಳಿದ ಮೇಲೆ ಭಾವ, "ಹಾಗಾದರೆ ನಮೀಬಿಯಾ ಮುಗಿಸಿ ಹಾಗೇ ಊರಿಗೆ ಬಂದು ಹೋಗುತ್ತೇನೆ" ಅಂದರು. ಕೋವಿ ಹಿಡಿದುಕೊಂಡು ಬಜ್ಪೆಯಲ್ಲಿ ಇಳಿಯುವ ಯೋಚನೆ ಬಿಡಿ ಅಂದೆ. ಇಲ್ಲಿಯ ಲೈಸೆನ್ಸ್ ಇಲ್ಲದೆ ಕೋವಿ ತಂದರೆ ಆರ್ಮ್ಸ್ ಆ್ಯಕ್ಟ್ ಪ್ರಕಾರ ಕೇಸು. ಕೋವಿ ಬೇಡ, ಚೀಲದ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆ ಸ್ಕ್ಯಾನರಿನಲ್ಲಿ ಕಂಡರೂ ವಿಮಾನ ತಪ್ಪುತ್ತದೆ, ಠಾಣೆ ಸಿಗುತ್ತದೆ. ಬೇಟೆಗೆ ಹಾಕಿದ ಜಾಕೆಟು, ಬ್ಯಾಗು ಯಾವುದನ್ನೂ ಊರಿನ ಪ್ರಯಾಣಕ್ಕೆ ತರಬೇಡಿ, ತರುವುದಾದರೆ ಪ್ರತಿ ಕಿಸೆ ಒಳಗೆ ಹೊರಗೆ ಮಾಡಿ ನೋಡಿ ಅಂತ ಹೇಳಿದೆ.

ಫೋನು ಇಟ್ಟು ಹತ್ತು ನಿಮಿಷ ಆಗಿರಲಿಲ್ಲ, ಮೆಸೇಜ್ ಬಂತು. ಅಂಗೈಯ ಮೇಲೆ ಹಿತ್ತಾಳೆಯ ಒಂದು ತೋಟೆಯ ಫೋಟೊ. ಕೆಳಗೆ, "ಹೋದ ಸಲ ಊರಿಗೆ ಹಾಕಿಕೊಂಡು ಬಂದ ಜಾಕೆಟ್ಟೇ ಮಾರಾಯ. ಅಕ್ಕನಿಗೆ ಹೇಳಬೇಡ."